ದತ್ತಿಯ ಕಲ್ಲು, ಸಾಲಿಯ ಹಲಗೆ: ಬಹುಧರ್ಮೀಯ ಸಮಾಜದ ಶಾಲೆಯಲ್ಲಿ ಧರ್ಮಶಿಕ್ಷಣದ ಸ್ಥಾನ



ದತ್ತಿ ಎಂದರೆ ಕೊಟ್ಟದ್ದು. ಕೊಟ್ಟವರು ಯಾರು, ಯಾವುದಕ್ಕೆಂದು ಕೊಟ್ಟರು, ಮುಂದೆ ಅದನ್ನು ಕಾಯುವವರು ಯಾರು ಎಂಬ ಮೂರು ಸಂಗತಿಗಳನ್ನು ಕಲ್ಲಿನ ಮೇಲೆ ಬರೆದಿಡುವುದೇ ದತ್ತಿಶಾಸನದ ಕೆಲಸ. ಶಾಲೆಯಲ್ಲಿ ಧರ್ಮಶಿಕ್ಷಣಕ್ಕೆ ಎಷ್ಟು ಜಾಗ ಇರಬೇಕು ಎಂಬ ಪ್ರಶ್ನೆಯೂ ಕೊನೆಗೆ ಈ ಮೂರರ ಮೇಲೆಯೇ ನಿಲ್ಲುತ್ತದೆ. ಶಾಲೆ ನಡೆಯುವುದು ಯಾರ ಹಣದಿಂದ, ಅದು ಇರುವುದು ಯಾವುದಕ್ಕೆ, ಅಲ್ಲಿ ಕೂತ ಮಗುವಿನ ಮನಸ್ಸನ್ನು ಕಾಯುವ ಹೊಣೆ ಯಾರದು ಎಂದು ಕೇಳಿಕೊಂಡರೆ ಅರ್ಧ ಜಗಳ ತಾನಾಗಿಯೇ ತಿಳಿಯಾಗುತ್ತದೆ.

ಉಪನ್ಯಾಸ ನಾಲ್ಕು ಹಂತಗಳಲ್ಲಿ ಸಾಗುತ್ತದೆ. ಈ ಸೀಮೆಯ ಹಳೆಯ ವಿದ್ಯಾಸ್ಥಾನಗಳಲ್ಲಿ ಧರ್ಮವೂ ಓದೂ ಕೂಡಿಕೊಂಡಿದ್ದ ಬಗೆ ಮೊದಲನೆಯದು. ಬ್ರಿಟಿಷರ ಕಾಲದಲ್ಲಿ ಅವೆರಡೂ ಬೇರ್ಪಟ್ಟ ಬಗೆ ಎರಡನೆಯದು. ಸಂವಿಧಾನ ಮತ್ತು ನ್ಯಾಯಾಲಯಗಳು ಎಳೆದ ಗೆರೆ ಮೂರನೆಯದು. ಆ ಗೆರೆಯನ್ನು ಉಳಿಸಿಕೊಂಡು ತರಗತಿಯಲ್ಲಿ ಪಾಠ ಮಾಡುವ ದಾರಿ ನಾಲ್ಕನೆಯದು.

ಆರಂಭದಲ್ಲೇ ಎರಡು ಮಾತುಗಳನ್ನು ಬೇರೆ ಮಾಡಿಕೊಳ್ಳುವುದು ಒಳ್ಳೆಯದು. ಮಗು ಒಂದು ಧರ್ಮವನ್ನು ನಂಬಿ ನಡೆಯುವಂತೆ ಕಲಿಸುವುದು ಧರ್ಮಬೋಧೆ. ಜನ ಏನೇನು ನಂಬುತ್ತಾರೆ, ಆ ನಂಬಿಕೆಗಳು ಹೇಗೆ ಹುಟ್ಟಿದವು, ಅವರ ಹಬ್ಬ, ಊಟ, ಕಟ್ಟಡ, ಹಾಡುಗಳಲ್ಲಿ ಅವು ಹೇಗೆ ಕಾಣುತ್ತವೆ ಎಂದು ತಿಳಿಸುವುದು ಧರ್ಮಪರಿಚಯ. ಧರ್ಮಶಿಕ್ಷಣ ಎಂಬ ಒಂದೇ ಪದ ಎರಡನ್ನೂ ಹೊತ್ತುಕೊಂಡಿರುವುದರಿಂದ ವಾದಿಸುವವರು ಎಷ್ಟೋ ಸಲ ಬೇರೆ ಬೇರೆ ವಸ್ತುಗಳ ಬಗ್ಗೆ ವಾದಿಸುತ್ತಿರುತ್ತಾರೆ.

ಒಂದು: ಪೂಲಿಯ ಕಲ್ಲುಗಳು

ಸವದತ್ತಿಯಿಂದ ಹತ್ತು ಕಿಲೋಮೀಟರಿನೊಳಗಿರುವ ಹೂಲಿ, ಶಾಸನಗಳಲ್ಲಿ ಪೂಲಿ. ಹಳಗನ್ನಡದ ಪಕಾರ ಹಕಾರವಾದಾಗ ಪಾಲು ಹಾಲಾಯಿತು, ಪೂವು ಹೂವಾಯಿತು, ಪೂಲಿ ಹೂಲಿಯಾಯಿತು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಸಾವಿರ ಮಹಾಜನರ ಅಗ್ರಹಾರ. ವೇದ, ವ್ಯಾಕರಣ, ತರ್ಕಗಳನ್ನು ಓದಿ ಓದಿಸುವವರ ನೆಲೆ. ಪಂಚಲಿಂಗೇಶ್ವರ, ಅಂಧಕೇಶ್ವರ, ಮದನೇಶ್ವರ, ತಾರಕೇಶ್ವರ, ಸೂರ್ಯನಾರಾಯಣ ಮೊದಲಾದ ಗುಡಿಗಳು ಊರಲ್ಲೂ ಗುಡ್ಡದ ಬುಡದಲ್ಲೂ ಹರಡಿಕೊಂಡಿವೆ. ಹಲವು ಪಾಳುಬಿದ್ದಿವೆ.

ಇದೇ ಅಗ್ರಹಾರದಲ್ಲಿ ಜೈನ ಬಸದಿಯೂ ಇತ್ತು. ಚಾಲುಕ್ಯ ಅರಸ ಒಂದನೆಯ ಸೋಮೇಶ್ವರನ ಆಳ್ವಿಕೆಗೆ ಸೇರಿದ 1044ರ ಹೂಲಿ ಶಾಸನ ಯಾಪನೀಯ ಸಂಘದ ಆಚಾರ್ಯರಿಗೆ ಬಸದಿಯ ಸಲುವಾಗಿ ಬಿಟ್ಟ ದತ್ತಿಯನ್ನು ದಾಖಲಿಸುತ್ತದೆ. ಯಾಪನೀಯರು ದಿಗಂಬರ, ಶ್ವೇತಾಂಬರ ಎರಡೂ ಪಂಥಗಳ ಕೆಲವು ಆಚಾರವಿಚಾರಗಳನ್ನು ಒಟ್ಟಿಗೆ ಇಟ್ಟುಕೊಂಡಿದ್ದ ಜೈನರು. ಉತ್ತರ ಕರ್ನಾಟಕದ ಶಾಸನಗಳಲ್ಲಿ ಅವರ ಹೆಸರು ಮತ್ತೆ ಮತ್ತೆ ಬರುತ್ತದೆ, ಆಮೇಲೆ ಆ ಪಂಥವೇ ಕರಗಿಹೋಯಿತು. ವೈದಿಕ ಅಗ್ರಹಾರ, ಶೈವ ಗುಡಿಗಳು, ಇಂದು ಯಾರೂ ಅನುಸರಿಸದ ಒಂದು ಜೈನ ಪಂಥ, ಮೂರೂ ಒಂದೇ ಊರಿನ ಹೊಲಗಳ ಆದಾಯದಲ್ಲಿ ಬದುಕಿದ್ದವು.

ನೆರೆಯ ಸುಗಂಧವರ್ತಿ, ಅಂದರೆ ಇಂದಿನ ಸವದತ್ತಿ, ರಟ್ಟರ ರಾಜಧಾನಿ. ಅಲ್ಲಿಯ 1228ರ ಶಾಸನದಲ್ಲಿ ಕಾಣಿಸಿಕೊಳ್ಳುವ ಮುನಿಚಂದ್ರ ಜೈನ ಗುರು. ರಾಜಕುಮಾರನಿಗೆ ಶಾಸ್ತ್ರದ ಜೊತೆಗೆ ಶಸ್ತ್ರವಿದ್ಯೆಯನ್ನೂ ಕಲಿಸಿದವನೆಂದು ಅವನಿಗೆ ಹೊಗಳಿಕೆಯಿದೆ. ಧರ್ಮಗುರು, ವಿದ್ಯಾಗುರು, ರಾಜ್ಯದ ಸಲಹೆಗಾರ ಈ ಮೂರೂ ಆಗ ಒಬ್ಬನೇ ಆಗಿರಬಹುದಿತ್ತು. ಓದಿನ ಗುರುವಿಗೂ ದೀಕ್ಷೆಯ ಗುರುವಿಗೂ ನಡುವೆ ಗೋಡೆ ಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಆ ಕಾಲದ ಓದಿನ ವ್ಯಾಪ್ತಿಯನ್ನು ಅಳೆಯಲು ಬಳ್ಳಿಗಾವಿಯ ಕೋಡಿಯಮಠದ ಶಾಸನಕ್ಕಿಂತ ಒಳ್ಳೆಯ ಸಾಕ್ಷಿ ಕಡಿಮೆ. 1162ರ ಆ ಬರಹ ಕಾಳಾಮುಖ ಶೈವರ ಮಠದ್ದು. ಅಲ್ಲಿ ನಾಲ್ಕು ವೇದ, ಹಲವು ವ್ಯಾಕರಣ, ಪುರಾಣ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿತ್ತು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಸಾಲಿನಲ್ಲಿ ಬೌದ್ಧ ದರ್ಶನವೂ ಇದೆ. ಜೈನ ಕ್ಷಪಣಕರಿಂದ ಹಿಡಿದು ಏಕದಂಡಿ, ತ್ರಿದಂಡಿ ಸಂನ್ಯಾಸಿಗಳವರೆಗೆ ಬಂದವರಿಗೆಲ್ಲ ಅನ್ನ ಹಾಕುವ ಮಾತೂ ಅದರಲ್ಲಿದೆ. ತಮ್ಮ ದೇವರನ್ನು ಬಿಡದೆಯೇ ಎದುರು ಪಕ್ಷದ ವಾದವನ್ನು ಪಾಠಪಟ್ಟಿಯಲ್ಲಿ ಇಟ್ಟುಕೊಂಡವರು ಅವರು. ವಾದದಲ್ಲಿ ಗೆಲ್ಲಬೇಕಾದರೆ ಎದುರಾಳಿಯ ಮತ ಗೊತ್ತಿರಲೇಬೇಕು ಎಂಬ ಲೆಕ್ಕಾಚಾರವೂ ಅದರ ಹಿಂದೆ ಇದ್ದೀತು. ಕಾರಣ ಏನಿದ್ದರೂ ಪರಧರ್ಮದ ಪರಿಚಯ ಕನ್ನಡ ನೆಲಕ್ಕೆ ಹೊಸದಲ್ಲ.

ಈ ಚಿತ್ರದ ಇನ್ನೊಂದು ಮಗ್ಗಲನ್ನೂ ನೋಡಬೇಕು. ಅಗ್ರಹಾರದ ಓದು ಅಗ್ರಹಾರದವರಿಗೆ. ಹೊಲ ಉಳುವವನ ಮಗ, ಕಂಬಾರನ ಮಗಳು ಅಲ್ಲಿಗೆ ಬರುತ್ತಿರಲಿಲ್ಲ. ಹಲವು ದರ್ಶನಗಳು ಒಂದು ಸೂರಿನಡಿ ಇದ್ದವೆಂಬುದು ನಿಜ, ಹಲವು ಜನ ಇರಲಿಲ್ಲವೆಂಬುದೂ ಅಷ್ಟೇ ನಿಜ.

ಕುಲ ನೋಡಿ ಓದು ಹಂಚುವ ಈ ರೀತಿ 19ನೆಯ ಶತಮಾನದ ಗಾಂವಠಿ ಶಾಲೆಗಳವರೆಗೂ, ಅಂದರೆ ಊರವರೇ ನಡೆಸುತ್ತಿದ್ದ ಶಾಲೆಗಳವರೆಗೂ, ನಡೆದುಬಂತು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳಿಸಿದ ವರದಿಯಲ್ಲಿ ಆ ಜಿಲ್ಲೆಯ 533 ಶಾಲೆಗಳ, 6,641 ವಿದ್ಯಾರ್ಥಿಗಳ ಲೆಕ್ಕವಿದೆ. ಮಕ್ಕಳು ಓದುತ್ತಿದ್ದ ಪುಸ್ತಕಗಳನ್ನೂ ಅವನು ಹೆಸರಿಸಿದ್ದಾನೆ. ಬ್ರಾಹ್ಮಣರ ಮಕ್ಕಳಿಗೆ ರಾಮಾಯಣ, ಮಹಾಭಾರತ, ಭಾಗವತ. ಕಸುಬಿನವರ ಮಕ್ಕಳಿಗೆ ವಿಶ್ವಕರ್ಮ ಪುರಾಣ. ಲಿಂಗಾಯತರ ಮಕ್ಕಳಿಗೆ ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ. ಮರಳಿನ ಮೇಲೆ ಬೆರಳಿನಿಂದ ತಿದ್ದುವ ಅಕ್ಷರ ಎಲ್ಲರಿಗೂ ಒಂದೇ, ಅಕ್ಷರ ಬಂದಮೇಲೆ ತೆರೆಯುವ ಪುಸ್ತಕ ಮಾತ್ರ ಕುಲಕ್ಕೊಂದು.

ಭಾಷೆಯಲ್ಲಿಯೂ ಇದರ ಗುರುತು ಉಳಿದಿದೆ. ಹಳೆಯ ಮೈಸೂರಿನಲ್ಲಿ ಕಾಸು ಪಡೆದು ಕಲಿಸುವ ಶಾಲೆ ‘ಕೂಲಿಮಠ’. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಶಾಲೆಯ ಕಟ್ಟಡ ‘ಸಾಲಿಗುಡಿ’. ಯಾವುದೇ ಕೆಲಸ ಆರಂಭಿಸುವುದಕ್ಕೆ ‘ಓನಾಮ ಹಾಕು’ ಎನ್ನುತ್ತಾರೆ. ಶಿವನಿಗೋ ಸಿದ್ಧರಿಗೋ ನಮಸ್ಕಾರ ಹೇಳಿ ಅಕ್ಷರ ತಿದ್ದಿಸುತ್ತಿದ್ದ ರೂಢಿಯಿಂದ ಬಂದ ಮಾತು ಅದು. ಸಿದ್ಧರಿಗೆ ನಮಿಸುವ ರೂಪ ಜೈನರದೆಂದು ವಿದ್ವಾಂಸರು ಹೇಳುತ್ತಾರೆ. ಅದನ್ನು ಆಡುವ ಎಲ್ಲ ಮತದವರ ಬಾಯಲ್ಲೂ ಅದೀಗ ಬರೀ ‘ಶುರು’ ಎಂಬರ್ಥದ ಮಾತು.

ಎರಡು: ಗುಡಿಯಿಂದ ಸಾಲಿ ಬೇರೆಯಾದದ್ದು

ಇಲ್ಲಿಂದ ಮುಂದೆ ಎರಡನೆಯ ಹಂತ. ಗಾಂವಠಿ ಶಾಲೆಯ ಜಾಗಕ್ಕೆ ಸರ್ಕಾರಿ ಕನ್ನಡ ಶಾಲೆ ಬಂದಾಗ ಹಣದ ಮೂಲ ಬದಲಾಯಿತು. ಐಗಳಿಗೆ ಪಾಲಕರು ಕೊಡುತ್ತಿದ್ದ ಕಾಳುಕಡಿಯ ಬದಲು ಮಾಸ್ತರರಿಗೆ ಸರ್ಕಾರದ ಪಗಾರ ಬಂತು. ಅಲ್ಲಿಂದಲೇ ಧರ್ಮದ ಪ್ರಶ್ನೆ ಇಂದಿನ ರೂಪ ಪಡೆಯಿತು.

ಮಿಶನರಿಗಳು ಅದಕ್ಕಿಂತ ಮೊದಲೇ ಬಂದಿದ್ದರು. ಲಂಡನ್ ಮಿಶನ್ 1820ರಲ್ಲಿ ಬೆಳಗಾವಿಗೂ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೂ ಕಾಲಿಟ್ಟವು. ಅವರ ಶಾಲೆಗಳಲ್ಲಿ ಲೆಕ್ಕ, ಭೂಗೋಳ, ಕನ್ನಡಗಳ ಜೊತೆ ಬೈಬಲ್ ಪಾಠವೂ ಇತ್ತು. ಮುದ್ರಿತ ಪುಸ್ತಕ, ಎಲ್ಲ ಜಾತಿಯ ಮಕ್ಕಳೂ ಕೂಡಿ ಕೂರುವ ತರಗತಿ, ಹೆಣ್ಣುಮಕ್ಕಳ ಶಾಲೆ ಇವನ್ನು ಈ ಭಾಗಕ್ಕೆ ಪರಿಚಯಿಸಿದವರಲ್ಲಿ ಅವರೂ ಇದ್ದಾರೆ. ಆದರೆ ಪಾಠದ ಆಸೆಗೆ ಬಂದ ಮಗುವಿಗೆ ಪ್ರಾರ್ಥನೆಯನ್ನೂ ಕೂಡಿಸಿಯೇ ಕೊಡುವುದು ಸರಿಯೆ ಎಂಬ ಪ್ರಶ್ನೆ ಅಲ್ಲಿಂದಲೇ ಎದ್ದಿತು.

ಕಂಪನಿ ಸರ್ಕಾರ ಇದಕ್ಕೆ ಕೊಟ್ಟ ಉತ್ತರ 1854ರ ವುಡ್‌ನ ರವಾನೆಯಲ್ಲಿದೆ. ಸರ್ಕಾರಿ ಶಾಲೆಯಲ್ಲಿ ಧರ್ಮಬೋಧೆ ಇರಕೂಡದು. ಬೈಬಲ್ ಗ್ರಂಥಾಲಯದಲ್ಲಿರಬಹುದು. ವಿದ್ಯಾರ್ಥಿ ತಾನಾಗಿ ಕೇಳಿದರೆ ಶಾಲೆಯ ವೇಳೆಯ ಹೊರಗೆ ವಿವರಿಸಬಹುದು. ಖಾಸಗಿ ಶಾಲೆಗೆ ಅನುದಾನ ಕೊಡುವಾಗ ಸರ್ಕಾರ ಅಲ್ಲಿಯ ಲೌಕಿಕ ಶಿಕ್ಷಣವನ್ನಷ್ಟೇ ನೋಡಬೇಕು. ಅನುದಾನಿತ ಶಾಲೆ ಎಂಬ ವ್ಯವಸ್ಥೆ ಹುಟ್ಟಿದ್ದೂ ಆ ದಾಖಲೆಯಿಂದಲೇ. ಇದರ ಹಿಂದಿದ್ದದ್ದು ಔದಾರ್ಯಕ್ಕಿಂತ ಹೆಚ್ಚಾಗಿ ಜನ ರೊಚ್ಚಿಗೆದ್ದಾರೆಂಬ ಎಚ್ಚರ.

ಧರ್ಮ ಹೊರಗೆ ಹೋದ ಜಾಗದಲ್ಲಿ ‘ನೀತಿ’ ಬಂದು ಕೂತಿತು. 1882ರ ಹಂಟರ್ ಆಯೋಗ ಎಲ್ಲ ಧರ್ಮಗಳಿಗೂ ಸಾಮಾನ್ಯವಾದ ತತ್ತ್ವಗಳ ಮೇಲೆ ಒಂದು ನೀತಿ ಪಠ್ಯಪುಸ್ತಕ ಬರೆಯಿಸುವ ಸಲಹೆ ಕೊಟ್ಟಿತು. ಆಯೋಗದ ಸದಸ್ಯರೇ ಆಗಿದ್ದ ಕಾಶಿನಾಥ ತ್ರ್ಯಂಬಕ ತೆಲಂಗ ಅದಕ್ಕೆ ಭಿನ್ನಮತ ಬರೆದರು. ಪುಸ್ತಕವೂ ಜಾರಿಗೆ ಬರಲಿಲ್ಲ. ‘ಸತ್ಯ ನುಡಿಯಬೇಕು, ಕದಿಯಬಾರದು’ ಎಂಬ ನೀತಿಪಾಠ ಮಾತ್ರ ಕನ್ನಡ ವಾಚನಪುಸ್ತಕಗಳಲ್ಲಿ ಉಳಿಯಿತು. ಇಂದಿನ ಮೌಲ್ಯಶಿಕ್ಷಣದ ಅವಧಿ ಅದರ ಮೊಮ್ಮಗು.

ಇದೇ ಹೊತ್ತಿಗೆ ಈ ಸೀಮೆಯ ಜನ ದತ್ತಿಯ ಹಳೆಯ ದಾರಿಯನ್ನು ಹೊಸ ಓದಿಗೆ ತಿರುಗಿಸಿದರು. ಸವದತ್ತಿ ತಾಲ್ಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿ 1904ರಲ್ಲಿ ಧಾರವಾಡದಲ್ಲಿ ಸೇರಿದ ಮೊದಲ ವೀರಶೈವ ಮಹಾಸಭೆಯ ಅಧ್ಯಕ್ಷರು. ಮಕ್ಕಳಿಲ್ಲದ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆಂದು ಮೃತ್ಯುಪತ್ರ ಬರೆದು 1906ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ಮೇಲೆ, 1916ರ ನವೆಂಬರ್ 13ರಂದು, ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಕಟ್ಟಿದರು. 1933ರಲ್ಲಿ ಆ ಸಂಸ್ಥೆ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರಿದೆ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು 1917ರಲ್ಲಿ ಉಚಿತ ಪ್ರಸಾದ ನಿಲಯ ತೆರೆದರು. ಬೈಲಹೊಂಗಲ ಸೀಮೆಯ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಬೆಳಗಾವಿಯಲ್ಲಿ ಅಂಥದೇ ನಿಲಯ ನಡೆಸಿದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರಸಾದ ನಿಲಯದಲ್ಲಿ ಬೆಳಗಿನ ಪ್ರಾರ್ಥನೆ, ವಿಭೂತಿ, ಸಾಮೂಹಿಕ ಊಟ. ಹೊತ್ತೇರಿದ ಮೇಲೆ ಅದೇ ಹುಡುಗ ಪೇಟೆಯ ಹೈಸ್ಕೂಲಿನಲ್ಲಿ ಬೀಜಗಣಿತ, ಇಂಗ್ಲಿಷು, ಇತಿಹಾಸ ಕಲಿಯುತ್ತಿದ್ದ. ಧರ್ಮದ ಆಚರಣೆಗೆ ವಸತಿ, ಓದಿಗೆ ಶಾಲೆ ಎಂಬ ಹಂಚಿಕೆ ಯಾವ ಕಾಯ್ದೆಯೂ ಹೇಳದೆಯೇ ಇಲ್ಲಿ ರೂಢಿಗೆ ಬಂದಿತ್ತು. ಮಸೀದಿಯ ಪಕ್ಕದ ಮದರಸಾ, ಚರ್ಚಿನ ಸಂಡೇ ಸ್ಕೂಲು, ಬಸದಿಯ ಪಾಠಶಾಲೆಗಳೂ ಈ ಹಂಚಿಕೆಯಲ್ಲೇ ನಡೆದುಬಂದಿವೆ. ಧರ್ಮಬೋಧೆಗೆ ಸ್ವತಂತ್ರ ನೆಲೆಗಳಿವೆ. ಶಾಲೆ ಆ ಹೊರೆ ಹೊರದಿದ್ದರೆ ಧರ್ಮಕ್ಕೆ ನಷ್ಟವಿಲ್ಲ.

ಮೂರು: ಸಂವಿಧಾನ ಎಳೆದ ಗೆರೆ

ಇನ್ನು ಕಾನೂನಿನ ಮಾತು. ಸಂವಿಧಾನದ 25ನೆಯ ವಿಧಿ ಪ್ರತಿಯೊಬ್ಬರಿಗೂ ತಮ್ಮ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ ಕೊಡುತ್ತದೆ. 27ನೆಯ ವಿಧಿಯ ಪ್ರಕಾರ ಯಾವುದೇ ಒಂದು ಧರ್ಮದ ಪೋಷಣೆಗೆಂದು ಯಾರಿಂದಲೂ ತೆರಿಗೆ ವಸೂಲು ಮಾಡುವಂತಿಲ್ಲ. ಶಾಲೆಗೆ ನೇರವಾಗಿ ಸಂಬಂಧಿಸಿದ್ದು 28ನೆಯ ವಿಧಿ. ಅದು ಶಾಲೆಗಳನ್ನು ಹಣದ ಮೂಲ ನೋಡಿ ವಿಂಗಡಿಸುತ್ತದೆ.

ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆಯಲ್ಲಿ ಧರ್ಮಬೋಧೆ ಕೂಡದು. ಹೂಲಿಯ ಸರ್ಕಾರಿ ಶಾಲೆ, ರಾಮದುರ್ಗದ ಸರ್ಕಾರಿ ಪದವಿಪೂರ್ವ ಕಾಲೇಜು ಈ ಸಾಲಿಗೆ ಸೇರುತ್ತವೆ. ಸರ್ಕಾರ ಆಡಳಿತ ನಡೆಸುತ್ತಿದ್ದರೂ ಧರ್ಮಬೋಧೆ ನಡೆಯಲೇಬೇಕೆಂಬ ಷರತ್ತಿನ ದತ್ತಿ ಅಥವಾ ನ್ಯಾಸದಿಂದ ಹುಟ್ಟಿದ ಸಂಸ್ಥೆಗೆ ಈ ನಿಷೇಧ ತಾಗುವುದಿಲ್ಲ. ಕೊಟ್ಟವನ ಇಚ್ಛೆಗೆ ಬೆಲೆ ಕೊಡುವ ಹಳೆಯ ಶಾಸನದ ರೀತಿ ಹೀಗೆ ಸಂವಿಧಾನದೊಳಗೂ ಒಂದು ಮೂಲೆ ಪಡೆದಿದೆ. ಮೂರನೆಯ ಸಾಲಿನಲ್ಲಿ ಸರ್ಕಾರದ ಮನ್ನಣೆ ಅಥವಾ ಅನುದಾನ ಪಡೆದ ಖಾಸಗಿ ಶಾಲೆಗಳಿವೆ. ಅಲ್ಲಿ ಧರ್ಮಬೋಧೆ ಇರಬಹುದು, ಆದರೆ ವಿದ್ಯಾರ್ಥಿಯನ್ನು ಆ ಪಾಠಕ್ಕೂ ಪೂಜೆಗೂ ಒತ್ತಾಯದಿಂದ ಕೂರಿಸುವಂತಿಲ್ಲ. ಅವನು ಅಪ್ರಾಪ್ತನಾಗಿದ್ದರೆ ಪಾಲಕರ ಒಪ್ಪಿಗೆ ಬೇಕು. 30ನೆಯ ವಿಧಿಯಡಿ ಅಲ್ಪಸಂಖ್ಯಾತರು ಕಟ್ಟಿದ ಶಾಲೆಗೂ ಮನ್ನಣೆ ಅಥವಾ ಅನುದಾನ ಇದ್ದರೆ ಈ ನಿಯಮ ಅನ್ವಯಿಸುತ್ತದೆ. 2014ರ ಜನವರಿಯಲ್ಲಿ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಮನ್ನಣೆ ಪಡೆದ ಜೈನರು ಬೆಳಗಾವಿ ಜಿಲ್ಲೆಯಲ್ಲಿ ಗಣನೀಯವಾಗಿರುವುದರಿಂದ ಇದು ಇಲ್ಲಿಯವರಿಗೆ ದೂರದ ಮಾತಲ್ಲ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಸರಿಪಡಿಸಬಹುದು. ಸರ್ಕಾರಿ ಉರ್ದು ಶಾಲೆ ಒಂದು ಭಾಷೆಯ ಮಾಧ್ಯಮದ ಶಾಲೆ. ಸಂಸ್ಕೃತ ಒಂದು ಭಾಷಾವಿಷಯ. ಎರಡಕ್ಕೂ ಧರ್ಮಗ್ರಂಥಗಳ ಹಳೆಯ ನಂಟಿದ್ದರೂ ಅವುಗಳ ಪಾಠ ಧರ್ಮಬೋಧೆಯಾಗುವುದಿಲ್ಲ. ಕನ್ನಡ ಶಾಲೆಗೆ ಇರುವ ನಿಷೇಧವೇ ಉರ್ದು ಶಾಲೆಗೂ ಇದೆ.

ಈ ವಿಧಿಯ ಕರಡು ಸಂವಿಧಾನ ಸಭೆಯಲ್ಲಿ ಚರ್ಚೆಯಾದದ್ದು 1948ರ ಡಿಸೆಂಬರ್ 7ರಂದು. ಡಾ. ಅಂಬೇಡ್ಕರ್ ಅಂದು ಮೂರು ಕಾರಣ ಕೊಟ್ಟರು. ಎಲ್ಲರ ತೆರಿಗೆಯ ಹಣವನ್ನು ಒಬ್ಬರ ಧರ್ಮಕ್ಕೆ ಖರ್ಚು ಮಾಡಲಾಗದು. ಒಂದು ಧರ್ಮಕ್ಕೆ ಅವಕಾಶ ಕೊಟ್ಟರೆ ಎಲ್ಲಕ್ಕೂ ಕೊಡಬೇಕು, ಒಂದೇ ಶಾಲೆಯಲ್ಲಿ ಅದು ಆಗದ ಕೆಲಸ. ಪ್ರತಿ ಧರ್ಮವೂ ತನ್ನದೇ ಸರಿಯಾದ ದಾರಿ ಎನ್ನುವುದರಿಂದ ಶಾಲೆಯ ನೆಮ್ಮದಿ ಕೆಡುತ್ತದೆ. ಅದೇ ಚರ್ಚೆಯಲ್ಲಿ ಅವರು ಸಿದ್ಧಾಂತವನ್ನು ನಂಬಿಸುವುದು ಬೇರೆ, ಧರ್ಮವನ್ನು ಅಧ್ಯಯನ ಮಾಡುವುದು ಬೇರೆ ಎಂದೂ ಸ್ಪಷ್ಟಪಡಿಸಿದರು. ಮುಂದಿನ ಎಲ್ಲ ಆಯೋಗಗಳೂ ತೀರ್ಪುಗಳೂ ಈ ವಿಂಗಡಣೆಯ ಸುತ್ತಲೇ ತಿರುಗಿವೆ.

ಆಯೋಗಗಳ ಸಾಲು ಉದ್ದವಾದದ್ದು, ಮೂರನ್ನು ಹೇಳಿದರೆ ಸಾಕು. 1948–49ರ ರಾಧಾಕೃಷ್ಣನ್ ಆಯೋಗ ಕಾಲೇಜುಗಳಲ್ಲಿ ಕೆಲ ನಿಮಿಷದ ಮೌನಧ್ಯಾನ, ಮೊದಲ ವರ್ಷ ಧರ್ಮಪುರುಷರ ಜೀವನ, ಎರಡನೆಯ ವರ್ಷ ಧರ್ಮಗ್ರಂಥಗಳ ಆಯ್ದ ಭಾಗ, ಮೂರನೆಯ ವರ್ಷ ಧರ್ಮದ ತಾತ್ತ್ವಿಕ ಸಮಸ್ಯೆಗಳು ಎಂಬ ಕ್ರಮ ಸೂಚಿಸಿತು. ಬುದ್ಧ, ಯೇಸು, ಶಂಕರ, ರಾಮಾನುಜ, ಮಧ್ವ, ಮಹಮ್ಮದ್, ಕಬೀರ, ನಾನಕರಿದ್ದ ಅದರ ಪಟ್ಟಿಯಲ್ಲಿ ಬಸವಣ್ಣನವರ ಹೆಸರಿಲ್ಲ. 1960ರಲ್ಲಿ ವರದಿ ಕೊಟ್ಟ ಶ್ರೀಪ್ರಕಾಶ ಸಮಿತಿ ಶಾಲೆಯಿಂದ ವಿಶ್ವವಿದ್ಯಾಲಯದವರೆಗೆ ನೈತಿಕ, ಆಧ್ಯಾತ್ಮಿಕ ಮೌಲ್ಯಗಳ ಪಾಠ ಬೇಕೆಂದಿತು. 1964–66ರ ಕೊಠಾರಿ ಆಯೋಗ ಧರ್ಮದ ಬೋಧೆಗೂ ಧರ್ಮಗಳ ಕುರಿತ ಶಿಕ್ಷಣಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಿ, ಎರಡನೆಯದು ನಾಗರಿಕ ಶಿಕ್ಷಣದ ಭಾಗವಾಗಬೇಕೆಂದು ಸಲಹೆ ಮಾಡಿತು.

ನ್ಯಾಯಾಲಯಗಳೂ ಅದೇ ದಾರಿ ಹಿಡಿದಿವೆ. ಗುರು ನಾನಕರ ಜೀವನ ಮತ್ತು ಬೋಧನೆಗಳ ಅಧ್ಯಯನ ಧರ್ಮಬೋಧೆಯಲ್ಲವೆಂದು 1971ರ ಡಿ.ಎ.ವಿ. ಕಾಲೇಜು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮುಖ್ಯಮಂತ್ರಿಯಾಗಿದ್ದ ಎಸ್. ಆರ್. ಬೊಮ್ಮಾಯಿಯವರ ಹೆಸರಿನ 1994ರ ತೀರ್ಪು ಧರ್ಮನಿರಪೇಕ್ಷತೆ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದೆಂದು ಸಾರಿತು. 2002ರ ಅರುಣಾ ರಾಯ್ ಪ್ರಕರಣದಲ್ಲಿ ಧರ್ಮಗಳ ಕುರಿತು ಪಾಠವಿಡುವುದು 28ನೆಯ ವಿಧಿಗೆ ವಿರುದ್ಧವಲ್ಲ ಎಂದಾಯಿತು. ಅದೇ ಪೀಠದ ನ್ಯಾಯಮೂರ್ತಿ ಧರ್ಮಾಧಿಕಾರಿಯವರು ಪರಿಚಯಕ್ಕೂ ಬೋಧೆಗೂ ನಡುವಿನ ಗೆರೆ ತೆಳುವಾದದ್ದು, ದಾಟದಂತೆ ಕಾಯಬೇಕೆಂದು ಪ್ರತ್ಯೇಕವಾಗಿ ಎಚ್ಚರಿಸಿದರು.

ಹೊರಗಿನ ದೇಶಗಳ ದಾರಿಗಳು ಬೇರೆ ಬೇರೆ. ಫ್ರಾನ್ಸ್ 1882ರಿಂದಲೇ ಸರ್ಕಾರಿ ಶಾಲೆಯಿಂದ ಧರ್ಮಪಾಠವನ್ನು ತೆಗೆದಿಟ್ಟಿತು. ಇಂಗ್ಲೆಂಡ್ 1944ರ ಕಾಯ್ದೆಯಿಂದ ಅದನ್ನು ಕಡ್ಡಾಯ ಮಾಡಿ, ಬೇಡವೆನ್ನುವ ಪಾಲಕರು ಮಗುವನ್ನು ಹೊರಗಿಡುವ ಹಕ್ಕು ಉಳಿಸಿತು. ಅಮೆರಿಕದ ಸುಪ್ರೀಂ ಕೋರ್ಟ್ 1962 ಮತ್ತು 1963ರಲ್ಲಿ ಸರ್ಕಾರಿ ಶಾಲೆಯ ಪ್ರಾರ್ಥನೆ ಮತ್ತು ಬೈಬಲ್ ವಾಚನವನ್ನು ತಡೆದು, ಧರ್ಮದ ವಸ್ತುನಿಷ್ಠ ಅಧ್ಯಯನಕ್ಕೆ ಅಡ್ಡಿಯಿಲ್ಲವೆಂದಿತು. ಭಾರತದ ದಾರಿ ಈ ಮೂರರ ನಡುವೆ ಎಲ್ಲೋ ಇದೆ.

ನಾಲ್ಕು: ತರಗತಿಯೊಳಗೆ

ಕೊನೆಯದಾಗಿ ಶಿಕ್ಷಕರು ದಿನವೂ ಎದುರಿಸುವ ಭಾಗ. ಕಾನೂನಿನ ಗೆರೆ ಕಾಗದದ ಮೇಲೆ ಸ್ಪಷ್ಟ, ಕರಿಹಲಗೆಯ ಮೇಲೆ ಅಷ್ಟು ಸ್ಪಷ್ಟವಲ್ಲ.

ಗೆರೆಯನ್ನು ಗುರುತಿಸಲು ಕನ್ನಡ ವ್ಯಾಕರಣವೇ ಒಂದು ಸುಲಭ ಸಾಧನ ಕೊಡುತ್ತದೆ. ‘ಜೀವಹಿಂಸೆ ಪಾಪವೆಂದು ಜೈನರು ನಂಬುತ್ತಾರೆ’, ‘ದಿನಕ್ಕೆ ಐದು ಸಲ ಮುಸ್ಲಿಮರು ನಮಾಜು ಮಾಡುತ್ತಾರೆ’, ‘ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಲಿಂಗಾಯತರು ಪೂಜಿಸುತ್ತಾರೆ’, ಇವು ಪರಿಚಯದ ವಾಕ್ಯಗಳು. ಕರ್ತೃಪದ ಸ್ಪಷ್ಟ, ಕ್ರಿಯಾಪದ ಪ್ರಥಮ ಪುರುಷದಲ್ಲಿದೆ. ಆ ಕರ್ತೃಪದ ಬಿದ್ದುಹೋಗಿ ‘ಪೂಜಿಸಬೇಕು’, ‘ನಂಬಬೇಕು’ ಎಂಬ ವಿಧಿರೂಪ ಬಂದಾಗ, ಅಥವಾ ತರಗತಿಯಲ್ಲಿ ಎಲ್ಲ ಮತದ ಮಕ್ಕಳಿರುವಾಗ ಮಾಸ್ತರು ‘ನಮ್ಮ ದೇವರು’ ಎಂದಾಗ ಪಾಠ ಬೋಧೆಯ ಕಡೆಗೆ ಜಾರಿದೆ. ‘ನಮ್ಮ’ ಎಂಬ ಎರಡೂವರೆ ಅಕ್ಷರದಲ್ಲಿ ತರಗತಿಯ ಯಾವ ಮಗು ಹೊರಗುಳಿಯಿತು ಎಂದು ಕೇಳಿಕೊಳ್ಳುವುದು ಶಿಕ್ಷಕನ ಮೊದಲ ಎಚ್ಚರ.

ಎರಡನೆಯ ಕಷ್ಟ ಪಾಠವನ್ನು ಬರೆಯುವವರದು. ಒಂದು ಧರ್ಮದ ಬಗ್ಗೆ ಏನು ಹೇಳಬೇಕೆಂದು ನಿರ್ಧರಿಸುವವರು ಯಾರು? 2022ರಲ್ಲಿ ಕರ್ನಾಟಕದ ಪಠ್ಯಪುಸ್ತಕ ಪರಿಷ್ಕರಣೆಯಾದಾಗ ಸಮಾಜ ವಿಜ್ಞಾನದಲ್ಲಿದ್ದ ಬಸವಣ್ಣನವರ ಪಾಠದ ಕೆಲವು ವಾಕ್ಯಗಳಿಗೆ ಹಲವು ಮಠಾಧೀಶರು ಆಕ್ಷೇಪಿಸಿದರು. ಉಪನಯನ, ದೀಕ್ಷೆ, ವೀರಶೈವ ಎಂಬ ಪದಗಳನ್ನು ಬಳಸಿದ ರೀತಿಯಲ್ಲೇ ತಕರಾರಿತ್ತು. ಅದೇ ವರ್ಷದ ಜೂನ್‌ನಲ್ಲಿ ಸರ್ಕಾರ ಪರಿಷ್ಕರಣೆಯ ಸಮಿತಿಯನ್ನು ವಿಸರ್ಜಿಸಿತು. ಅಲ್ಲಿ ಯಾರೂ ಬೇರೆ ಧರ್ಮದವರ ಮೇಲೆ ಬೋಧೆ ಹೇರಿರಲಿಲ್ಲ. ತಮ್ಮದೇ ಪರಂಪರೆಯ ವರ್ಣನೆ ತಪ್ಪಾಯಿತೆಂದು ಒಂದು ಸಮುದಾಯ ನೊಂದುಕೊಂಡಿತ್ತು. ಲಿಂಗಾಯತ ಪ್ರತ್ಯೇಕ ಧರ್ಮವೆಂಬ ಶಿಫಾರಸನ್ನು ರಾಜ್ಯ ಸರ್ಕಾರ 2018ರ ಮಾರ್ಚ್‌ನಲ್ಲಿ ಮಾಡಿತ್ತು, ಕೇಂದ್ರ ಅದನ್ನು ಒಪ್ಪಲಿಲ್ಲ. ಇತ್ಯರ್ಥವಾಗದ ಇಂಥ ಪ್ರಶ್ನೆಯಲ್ಲಿ ಪಾಠ ತಾನೇ ತೀರ್ಪು ಕೊಡಬಾರದು. ಒಂದು ಸಮುದಾಯ ತನ್ನನ್ನು ಹೇಗೆ ನೋಡಿಕೊಳ್ಳುತ್ತದೆ, ಇತಿಹಾಸಕಾರರು ಹೇಗೆ ನೋಡುತ್ತಾರೆ ಎಂದು ಎರಡನ್ನೂ ಇಡಬೇಕು. 2011ರಲ್ಲಿ ಸೋಂದಾ ಸ್ವರ್ಣವಲ್ಲಿ ಮಠದ ಭಗವದ್ಗೀತಾ ಅಭಿಯಾನ ಶಾಲೆಗಳಿಗೆ ಬಂದಾಗ ಎದ್ದ ಚರ್ಚೆಯೂ ಇದೇ ಗೆರೆಯ ಮೇಲಿನದು. ಗೀತೆಯನ್ನು ಭಾರತೀಯ ಚಿಂತನೆಯ ಒಂದು ಗ್ರಂಥವಾಗಿ ಓದುವುದು ಒಂದು, ಶಾಲೆಯ ಅವಧಿಯಲ್ಲಿ ಪಾರಾಯಣ ಮಾಡಿಸುವುದು ಇನ್ನೊಂದು.

ಮೂರನೆಯದು ಒಪ್ಪಿಗೆಯ ಪ್ರಶ್ನೆ. 28ನೆಯ ವಿಧಿ ಪೂಜೆಯನ್ನೂ ಹೆಸರಿಸುತ್ತದೆ. ಹಲವು ಶಾಲೆಗಳಲ್ಲಿ ಪರೀಕ್ಷೆಗೆ ಮೊದಲು ಶಾರದಾ ಪೂಜೆ ಮತ್ತು ಬೀಳ್ಕೊಡುಗೆ ಒಂದೇ ದಿನ ನಡೆಯುತ್ತವೆ. ಹೆಚ್ಚಿನವರಿಗೆ ಅದು ಹೊಸ ಬಟ್ಟೆ, ಫೋಟೋ, ಸಿಹಿಯೂಟದ ದಿನ. ಆ ಪೂಜೆಯಲ್ಲಿ ಕೂರಲಾರದ ಒಂದು ಮಗು ಇದ್ದರೆ ಅದಕ್ಕೆ ಬೀಳ್ಕೊಡುಗೆಯೂ ತಪ್ಪಿಹೋಗುತ್ತದೆ. ಎರಡನ್ನೂ ಬೇರೆ ಹೊತ್ತಿಗೆ ಇಟ್ಟರೆ ಯಾರಿಗೂ ನಷ್ಟವಿಲ್ಲ.

ಇಂಥ ವ್ಯವಸ್ಥೆಗೆ ಮಾದರಿ ಬಿಸಿಯೂಟದ ಸಾಲಿನಲ್ಲಿಯೇ ಇದೆ. ಶಾಲಾ ಮಕ್ಕಳಿಗೆ ಮೊಟ್ಟೆ ಕೊಡುವ ಯೋಜನೆ 2022ರಲ್ಲಿ ರಾಜ್ಯದ ಎಲ್ಲ ಜಿಲ್ಲೆಗಳಿಗೆ ವಿಸ್ತರಿಸಿದಾಗ ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಇಡಲಾಯಿತು. ಮಗು ತಟ್ಟೆ ಹಿಡಿದು ಬಂದು ತನಗೆ ಬೇಕಾದದ್ದನ್ನು ತೆಗೆದುಕೊಂಡು ಅದೇ ಪಂಕ್ತಿಯಲ್ಲಿ ಗೆಳೆಯನ ಪಕ್ಕ ಕೂರುತ್ತದೆ. ಯಾಕೆ ಬೇಡ ಎಂದು ಕಾರಣ ಒಪ್ಪಿಸಬೇಕಾಗಿಲ್ಲ, ಎದ್ದು ಹೊರಗೆ ಹೋಗಬೇಕಾಗಿಲ್ಲ. ಧರ್ಮಪಾಠದಿಂದ ಹೊರಗಿರುವ ಹಕ್ಕು ಕಾಗದದಲ್ಲಿದ್ದೂ ಆ ಹೊತ್ತು ಮಗು ವರಾಂಡದಲ್ಲಿ ಒಂಟಿಯಾಗಿ ನಿಲ್ಲಬೇಕಾದರೆ ಅದು ಹಕ್ಕಿನಂತೆ ಕಾಣುವುದಿಲ್ಲ, ಶಿಕ್ಷೆಯಂತೆ ಕಾಣುತ್ತದೆ. ಪರ್ಯಾಯವೂ ಅಷ್ಟೇ ರುಚಿಯಾಗಿರಬೇಕು.

ಪರಿಚಯದ ಪಾಠಕ್ಕೆ ವಸ್ತು ಎಲ್ಲಿಂದ? ಧರ್ಮಕ್ಕೊಂದು ಅಧ್ಯಾಯ, ಅಧ್ಯಾಯಕ್ಕೆ ಸ್ಥಾಪಕ, ಗ್ರಂಥ, ಹಬ್ಬ ಎಂಬ ಮೂರು ಸಾಲು ಬರೆದರೆ ಪರೀಕ್ಷೆಗೆ ಅನುಕೂಲ, ಅರಿವಿಗಲ್ಲ. ಈ ಭಾಗದ ಶಿಕ್ಷಕನಿಗೆ ಊರೇ ಪಠ್ಯ. ಏಳನೆಯ ತರಗತಿಯ ಮಕ್ಕಳನ್ನು ಹೂಲಿಯ ಒಂದು ಶಾಸನದ ಮುಂದೆ ನಿಲ್ಲಿಸಿದರೆ ಪಾಠ ತಾನಾಗಿ ಶುರುವಾಗುತ್ತದೆ. ದತ್ತಿಯ ಕಲ್ಲಿನ ನೆತ್ತಿಯಲ್ಲಿ ಸಾಮಾನ್ಯವಾಗಿ ಸೂರ್ಯಚಂದ್ರರು, ಒಂದು ಪಕ್ಕ ಕರುವಿಗೆ ಹಾಲೂಡುವ ಆಕಳು. ನಡುವೆ ಲಿಂಗವಿದ್ದರೆ ಶೈವ ದತ್ತಿ, ಕುಳಿತ ಜಿನನಿದ್ದರೆ ಬಸದಿಯ ದತ್ತಿ. ಸೂರ್ಯಚಂದ್ರರೂ ಆಕಳೂ ಎರಡಕ್ಕೂ ಸಮಾನ. ಯಾವುದು ಬೇರೆ, ಯಾವುದು ಒಂದೇ ಎಂದು ಮಕ್ಕಳೇ ಬೆರಳಿಟ್ಟು ಎಣಿಸಬಲ್ಲರು. ಪೂಲಿ ಹೂಲಿಯಾದ ಭಾಷೆಯ ಪಾಠ, ಮತ್ತರೆಂಬ ಹಳೆಯ ಅಳತೆಯಲ್ಲಿ ಅಳೆದ ಹೊಲದ ಗಣಿತ, ಯಾಪನೀಯರು ಯಾರೆಂಬ ಇತಿಹಾಸ ಒಂದೇ ಕಲ್ಲಿನಿಂದ ಹೊರಡುತ್ತವೆ. ಯಾವ ಮಗುವನ್ನೂ ಕೈಮುಗಿ ಎನ್ನಬೇಕಾಗಿಲ್ಲ. ಮುಗಿಯುವ ಮಗುವನ್ನು ಬೇಡವೆನ್ನಬೇಕಾಗಿಯೂ ಇಲ್ಲ.

ಊರಿನ ಬದುಕಿನಲ್ಲಿ ಇಂಥ ಪಾಠಗಳು ಇನ್ನೂ ಇವೆ. ಬನದ ಹುಣ್ಣಿಮೆಗೆ, ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿಗಳು ಇದೇ ರಸ್ತೆಗಳಲ್ಲಿ ಸಾಗುತ್ತವೆ. ಮೊಹರಮ್ಮಿನ ಅಲಾಯಿ ದೇವರುಗಳನ್ನು ಹಲವು ಹಳ್ಳಿಗಳಲ್ಲಿ ಹಿಂದೂಗಳೂ ಹೊರುತ್ತಾರೆ, ಕರ್ಬಲಾ ಪದಗಳನ್ನು ಕನ್ನಡದಲ್ಲಿ ಹಾಡುತ್ತಾರೆ. ಶಿಶುನಾಳ ಶರೀಫರು (1819–1889) ಮುಲ್ಕಿ ಪರೀಕ್ಷೆ ಪಾಸು ಮಾಡಿ ಕೆಲಕಾಲ ಕನ್ನಡ ಶಾಲೆಯ ಮಾಸ್ತರರೂ ಆಗಿದ್ದವರು. ಕಳಸದ ಗೋವಿಂದಭಟ್ಟರು ಅವರ ಗುರು. ಶಿಷ್ಯ ತನ್ನ ಹೆಸರನ್ನು ಬಿಡಲಿಲ್ಲ. ಇಂಥ ಉದಾಹರಣೆಗಳನ್ನು ಹೇಳುವಾಗ ಜಗಳಗಳನ್ನು ಮರೆಮಾಚಬಾರದು. ಬುಕ್ಕರಾಯ 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ ಶಾಸನ ಹುಟ್ಟಿದ್ದು ಅವರ ನಡುವೆ ಜಗಳ ಆಗಿದ್ದಕ್ಕೇ. ಸಾಮರಸ್ಯದ ಕತೆಯನ್ನಷ್ಟೇ ಕೇಳಿ ಬೆಳೆದ ಮಗುವಿಗೆ ಮೊದಲ ಜಗಳವೇ ಆಘಾತ. ರಾಜಿ ಹೇಗಾಯಿತು ಎಂದು ಓದಿದ ಮಗುವಿಗೆ ಅದೊಂದು ಬಿಡಿಸಬಹುದಾದ ಗಂಟು.

ಇದೆಲ್ಲವೂ ಕೊನೆಗೆ ಶಿಕ್ಷಕರ ತಯಾರಿಯ ಮೇಲೆ ನಿಂತಿದೆ. ಲೆಕ್ಕ ಕಲಿಸುವ ಕ್ರಮಕ್ಕೆ ಶಿಕ್ಷಕ ತರಬೇತಿಯಲ್ಲಿ ಇಡೀ ಪತ್ರಿಕೆಯೇ ಇರುತ್ತದೆ. ತನ್ನದಲ್ಲದ ಧರ್ಮದ ಬಗ್ಗೆ ಆ ಧರ್ಮದ ಮಗುವಿನ ಎದುರಿಗೇ ಹೇಗೆ ಮಾತಾಡಬೇಕು ಎಂಬುದಕ್ಕೂ ಅಂಥದೇ ಅಭ್ಯಾಸ ಬೇಕು. ಅದಕ್ಕೆ ಒರೆಗಲ್ಲು ಸರಳ: ಪಾಠ ಮುಗಿದಮೇಲೆ ಆ ಮಗು ‘ಹೌದು, ನಮ್ಮ ಮನ್ಯಾಗ ಹಿಂಗ ಮಾಡತಾರ’ ಎನ್ನುವಂತಿರಬೇಕು. ಬೇರೆ ಮಕ್ಕಳಿಗೆ ಅದು ಹೊಸದೆನಿಸಬೇಕು, ವಿಚಿತ್ರವೆನಿಸಬಾರದು.

ಒಟ್ಟಿನಲ್ಲಿ ಧರ್ಮಬೋಧೆ ಮನೆ, ಮಠ, ಮಸೀದಿ, ಚರ್ಚು, ಬಸದಿಗಳ ಪಾಲಿನದು. ದತ್ತಿಯ ಅಥವಾ ಖಾಸಗಿ ಹಣದ ಶಾಲೆಯಲ್ಲಿ ಒಪ್ಪಿಗೆಯ ಮೇಲೆ ಅದಕ್ಕೆ ಅವಕಾಶವಿದೆ, ಪೂರ್ತಿ ತೆರಿಗೆಯ ಹಣದ ಶಾಲೆಯಲ್ಲಿ ಇಲ್ಲ. ಧರ್ಮಪರಿಚಯ ಮಾತ್ರ ಎಲ್ಲ ಶಾಲೆಗಳ ಪಾಲಿನದು, ಏಕೆಂದರೆ ಅದು ನೆರೆಯವನ ಪರಿಚಯ. ಕನ್ನಡ ನಾಡಿನ ದತ್ತಿಶಾಸನಗಳು ಕೊನೆಯಲ್ಲಿ ಮುಂದೆ ಬರುವ ಅರಸರನ್ನು ಉದ್ದೇಶಿಸಿ ಈ ಧರ್ಮವನ್ನು ಕಾಯಿರಿ ಎಂದು ಬೇಡುತ್ತವೆ. ಬಸದಿಯ ಶಾಸನದಲ್ಲೂ ಶಿವಾಲಯದ ಶಾಸನದಲ್ಲೂ ಈ ಬೇಡಿಕೆಯ ಸಂಸ್ಕೃತ ಶ್ಲೋಕಗಳು ಬಹುಮಟ್ಟಿಗೆ ಅವೇ. ಕಾಯುವವನು ಯಾವ ಮತದವನಾಗಿರಬೇಕೆಂದು ಅವು ಎಲ್ಲಿಯೂ ಹೇಳುವುದಿಲ್ಲ.